ಕಿಟಕಿಯಿಂದ ಕೊಟ್ಟ ಮಗು

"ಆಟೋದಲ್ಲೇ ಹೋಗಿ ಅತ್ತೆ. ಬಸ್ಸು ಬೇಡ," ಎಂದು ರಾಣಿ ಒಂದಕ್ಕೆರಡು ಸಲ ಹೇಳಿ, ಐನೂರರ ನೋಟನ್ನು ಸೊಣ್ಣಮ್ಮನ ಕೈಗೆ ತುರುಕಿ, ನಿದ್ದೆಯಲ್ಲಿದ್ದ ಮಗಳ ಕೆನ್ನೆ ಮುಟ್ಟಿ, ಕಂಪನಿ ವ್ಯಾನು ಹಿಡಿಯಲು ಓಡಿದ್ದಳು. ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ಅವಳಿಗೆ ಫಸ್ಟ್ ಶಿಫ್ಟು. ಅವಳ ಗಂಡ ನರೇಶ ಹೊಸೂರಿನ ಕಡೆ ಲೋಡು ತಗೊಂಡು ಹೋಗಿದ್ದ, ಬರುವುದು ರಾತ್ರಿಗೇ. ಆವತ್ತು ಆನೇಕಲ್ಲಿನಲ್ಲಿ ಸೊಣ್ಣಮ್ಮನ ತಂಗಿಯ ಮೊಮ್ಮಗನ ನಾಮಕರಣ. ಅಜ್ಜಿ, ಮೊಮ್ಮಗಳು ಮುಂಚೆ ಹೋಗಿರುವುದು, ಶಿಫ್ಟು ಮುಗಿಸಿಕೊಂಡು ರಾಣಿ ಹಿಂದಿನಿಂದ ಬರುವುದು ಅಂತ ಮಾತಾಗಿತ್ತು.

ಸೊಣ್ಣಮ್ಮ ಸೊಸೆಗೆ ಹೂಂ ಅಂದದ್ದು ಸುಳ್ಳಿಗಲ್ಲ. ಕೋಡಿ ಸ್ಟಾಪಿನ ಬೇವಿನ ಮರದ ಕೆಳಗೆ ನಿಂತು ಆಟೋಗೇ ಕಾದಳು. ಸೊಂಟದ ಮೇಲೆ ಇಂಚರ. ಹೋದ ತಿಂಗಳು ವರ್ಷ ತುಂಬಿದ ಕೂಸು, ಈಗೀಗ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತದೆ. ಹೆಗಲಲ್ಲಿ ಚೀಲ. ಅದರೊಳಗೆ ಹಾಲಿನ ಬಾಟಲಿ, ಬದಲಿ ಬಟ್ಟೆ, ನಾಮಕರಣದ ಕೂಸಿಗೆ ಕೊಂಡ ಬೆಳ್ಳಿ ಕಡಗ, ಫೋನು. ಒಂದು ಆಟೋ ನಿಲ್ಲದೆ ಹೋಯಿತು. ಇನ್ನೊಂದರವನು "ಆನೇಕಲ್ ಬರಲ್ಲ" ಅಂದ. ಅಷ್ಟರಲ್ಲಿ ಚಂದಾಪುರದ ಕಡೆಯಿಂದ ಒಂದು ಪ್ರೈವೇಟ್ ಬಸ್ಸು ಬಂದು ಸರಿಯಾಗಿ ಅವಳ ಮುಂದೆಯೇ ನಿಂತಿತು.

ಮುಂದಿನ ಬಾಗಿಲಿಗೆ ಕೆಲಸಕ್ಕೆ ಹೋಗುವ ಹೆಂಗಸರು ಮುಗಿಬಿದ್ದರು. ಸೊಣ್ಣಮ್ಮನ ಕಣ್ಣು ಮಾತ್ರ ಕಿಟಕಿಯ ಮೇಲೆ ಹೋಯಿತು. ಗಾಜು ಸರಿಸಿಕೊಂಡು ಒಬ್ಬಳು ಕೂತಿದ್ದಳು, ಪಕ್ಕದ ಸೀಟು ಖಾಲಿ. ಈ ನೂಕುನುಗ್ಗಲಿನಲ್ಲಿ ಕೂಸನ್ನೂ ಚೀಲವನ್ನೂ ಹೊತ್ತು ಹತ್ತುವಷ್ಟರಲ್ಲಿ ಆ ಸೀಟು ಯಾರ ಪಾಲೋ. ಅಷ್ಟೇ ಅವಳು ಯೋಚಿಸಿದ್ದು. ಮಿಕ್ಕಿದ್ದನ್ನು ಕೈಗಳೇ ಮಾಡಿದವು.

"ಒಂಚೂರು ಇಡ್ಕೊಳವ್ವಾ," ಎಂದು ಇಂಚರಳನ್ನು ಎತ್ತಿ ಕಿಟಕಿಯೊಳಗೆ ದಾಟಿಸಿದಳು. ಅವಳ ಹಿಂದೆಯೇ ಚೀಲ. ಒಳಗಿದ್ದವಳು ತಬ್ಬಿಬ್ಬಾಗಿ ಎರಡನ್ನೂ ಹಿಡಿದುಕೊಂಡಳು. ಸೊಣ್ಣಮ್ಮ ಸೀರೆ ಎತ್ತಿ ಸಿಕ್ಕಿಸಿ ಬಾಗಿಲಿಗೆ ಬಂದಳು. ಅವಳ ಮುಂದೆ ಇನ್ನೂ ಇಬ್ಬರಿದ್ದರು. ಹಿಂದೆ ಬಂದು ನಿಂತ ಇನ್ನೊಂದು ಬಸ್ಸು ಒಂದೇ ಸಮ ಹಾರ್ನ್ ಬಾರಿಸಿತು. ಹಿಂಬಾಗಿಲಲ್ಲಿ ಯಾರೋ "ರೈಟ್, ರೈಟ್" ಅಂದ. ಡ್ರೈವರ್ ಗುಂಡಿ ಒತ್ತಿದ. ಬಾಗಿಲು ಬುಸ್ ಅಂತ ಉಸಿರು ಬಿಟ್ಟು ಅವಳ ಮೂಗಿನ ಮುಂದೆ ಮುಚ್ಚಿಕೊಂಡಿತು.

ಬಸ್ಸು ಹೊರಟಿತು.

ಅವಳು ಬಸ್ಸಿನ ಮೈಗೆ ಅಂಗೈಯಿಂದ ಎರಡೇಟು ಹಾಕಿದಳು. ಮೊದಲಾಗಿದ್ದರೆ ಎರಡೇಟು ಸಾಕಾಗಿತ್ತು, ಎಂಥ ಬಸ್ಸೂ ನಿಲ್ಲುತ್ತಿತ್ತು. ಒಳಗೆ ಹಾಡು ಜೋರಾಗಿ ಹಾಕಿದ್ದರು. "ನಿಲ್ಸೋ! ಕೂಸೈತೆ, ನನ್ ಕೂಸೈತೆ!" ಎಂದು ಕೂಗುತ್ತಾ ಓಡಿದಳು. ನೋಯುವ ಮೊಣಕಾಲು ಅವಳನ್ನು ಮೋರಿಯ ತನಕ ಒಯ್ದು ಅಲ್ಲಿಗೇ ಕೈಬಿಟ್ಟಿತು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಹೊರಗಿನವರು ಕೇಳಿದರೆ ಹುಚ್ಚು ಅನ್ನಬಹುದು. ಗುರುತಿಲ್ಲದವರ ಮಡಿಲಿಗೆ ಯಾರಾದರೂ ಕೂಸು ಕೊಡುತ್ತಾರಾ? ಸೊಣ್ಣಮ್ಮ ಕೊಟ್ಟಿದ್ದಳು. ಒಂದು ದಿನವಲ್ಲ, ನರೇಶ ಶಾಲೆಗೆ ಸೇರುವ ತನಕ ದಿನಾ ಬೆಳಗ್ಗೆ. ಆಗ ಈ ರಸ್ತೆಯಲ್ಲಿ ಓಡುತ್ತಿದ್ದದ್ದು ಚೌಡೇಶ್ವರಿ ಬಸ್ಸೊಂದೇ. ಆಗಲೇ ಅದು ಮುದಿ ಬಸ್ಸು, ಮುಂದೆ ಎತ್ತಿನ ಮೂತಿಯ ಹಾಗೆ ಚಾಚಿಕೊಂಡ ಬಾನೆಟ್ಟು. ಚಳಿಗಾಲದ ಬೆಳಗ್ಗೆ ಮೂತಿಗೆ ಕಬ್ಬಿಣದ ಹ್ಯಾಂಡಲ್ಲು ತೂರಿಸಿ ಇಬ್ಬರು ತಿರುವಿದರೇ ಅದಕ್ಕೆ ಎಚ್ಚರ. ಕಿಟಕಿಗೆ ಗಾಜಿರಲಿಲ್ಲ, ಮಳೆ ಬಂದರೆ ಸುತ್ತಿಟ್ಟ ಟಾರ್ಪಾಲು ಇಳಿಬಿಡುತ್ತಿದ್ದರು. ಹಾರ್ನ್ ಅಂದರೆ ಡ್ರೈವರಿನ ಕೈಯ ಹತ್ತಿರ ರಬ್ಬರಿನ ಉಂಡೆ. ಅದು ಪೋಂಯ್ ಅಂದದ್ದು ಕೆರೆಯ ಆಚೆ ದಡಕ್ಕೆ ಕೇಳಿಸಿತೆಂದರೆ ಸೊಣ್ಣಮ್ಮ ಕನಕಾಂಬರದ ಬುಟ್ಟಿ ತಲೆಗೇರಿಸಿ ಮನೆ ಬಿಡುತ್ತಿದ್ದಳು.

ಹತ್ತುವುದಕ್ಕೆ ಒಂದು ಕ್ರಮವಿತ್ತು. ಮೊದಲು ಬುಟ್ಟಿ ಮೇಲಕ್ಕೆ. ಆಮೇಲೆ ಕೂಸು ಕಿಟಕಿಯೊಳಕ್ಕೆ. ಕೊನೆಗೆ ತಾಯಿ ಬಾಗಿಲಿಗೆ. ಕಿಟಕಿಯ ಪಕ್ಕ ಯಾರು ಕೂತಿದ್ದರೂ ಕೈ ಚಾಚಲೇಬೇಕು, ಅದು ಊರ ಗೌಡರಾದರೂ ಸರಿ, ಮಾರನೆಯ ದಿನ ಪರೀಕ್ಷೆಯಿರುವ ಕಾಲೇಜು ಹುಡುಗನಾದರೂ ಸರಿ. ಕೈಯಿಂದ ಕೈಗೆ ದಾಟಿ ಕೂಸು ಮುಂದಕ್ಕೆ ಹೋಗಿ ಡ್ರೈವರ್ ಪಾಪಯ್ಯನ ಪಕ್ಕ ಬಿಸಿ ಎಂಜಿನ್ ಪೆಟ್ಟಿಗೆಯ ಮೇಲೆ, ಅವನು ಮಡಿಸಿಟ್ಟ ಕಂಬಳಿಯ ಮೇಲೆ ಕೂರುತ್ತಿತ್ತು. ಒಂದು ಸಲ ನರೇಶ ಅಲ್ಲೇ ಉಚ್ಚೆ ಹೊಯ್ದು ಬಸ್ಸೆಲ್ಲ ಹಬೆಯೆದ್ದಿತ್ತು. "ನಿನ್ ಮಗ ಎಂಜಿನ್ನಿಗೆ ನೀರು ಹಾಕ್ದ ಕಣಮ್ಮೀ, ನಂಗೊಂದು ಕೆಲ್ಸ ಉಳೀತು," ಅಂದಿದ್ದ ಪಾಪಯ್ಯ. ಬಸ್ಸಿನವರೆಲ್ಲ ಮೂಗು ಮುಚ್ಚಿಕೊಂಡೇ ನಕ್ಕಿದ್ದರು.

ಕಂಡಕ್ಟರ್ ಕೃಷ್ಣಪ್ಪ ಬಾಯಿಬಡುಕ, ಮೂಗಿನ ತುದಿಯಲ್ಲಿ ಕೋಪ. ಆದರೆ ಕೂಸು ಒಳಗೆ, ತಾಯಿ ಹೊರಗೆ ಇರುವ ತನಕ ಅವನ ತುಟಿಗೆ ಸೀಟಿ ಹೋಗುತ್ತಿರಲಿಲ್ಲ. ತಡವಾಯಿತೆಂದು ಯಾರಾದರೂ ರೇಗಿದರೆ, "ನನ್ ಸೀಟಿಗೆ ಉಸ್ರು ಬರ್ತಿಲ್ಲ, ನೀನೇ ಊದು ಬಾ," ಅನ್ನುತ್ತಿದ್ದ. ಹಾಗಾಗಿ ಕಿಟಕಿಯಿಂದ ಕೂಸು ಕೊಡುವುದು ಅಂದರೆ ಸೊಣ್ಣಮ್ಮನಿಗೆ ಬಿಟ್ಟುಕೊಡುವುದಲ್ಲ, ಬಸ್ಸನ್ನು ಕಟ್ಟಿಹಾಕುವುದು. ಕೂಸು ಒಳಗಿದ್ದರೆ ಬಸ್ಸು ಹೊರಡುವುದಿಲ್ಲ. ಅವಳ ಕೈಗಳು ಕಲಿತಿದ್ದ ಪಾಠ ಅದು. ಆ ಬಸ್ಸು ಗುಜರಿಗೆ ಹೋಗಿ ಎಷ್ಟೋ ವರ್ಷ ಆಗಿತ್ತು. ಕೈಗಳಿಗೆ ಆ ಸುದ್ದಿ ಯಾರೂ ಹೇಳಿರಲಿಲ್ಲ.

ಮೋರಿಯ ಹತ್ತಿರ ಒಂದು ಆಟೋ ಬಂತು. ಸೊಣ್ಣಮ್ಮ ರಸ್ತೆಗೇ ಅಡ್ಡ ನಿಂತಳು.

"ಏಯ್! ಸಾಯಕ್ಕೆ ನನ್ ಆಟೋನೇ ಬೇಕಿತ್ತೇನಮ್ಮಾ?"

"ಆ ಬಸ್ಸಿಂದೆ ಓಗಪ್ಪ! ನನ್ ಮೊಮ್ಮಗ್ಳು ಬಸ್ಸಾಗವ್ಳೆ!"

ಅವನು ಮತ್ತೆ ಏನೂ ಕೇಳದೆ ಗಾಡಿ ತಿರುವಿದ. ಹತ್ತಿ ಕೂತ ಮೇಲೆಯೇ ಪ್ರಶ್ನೆಗಳು ಶುರುವಾದದ್ದು.

"ಯಾವ ಬಸ್ಸು?"

"ಬೆಳ್ಳಗಿತ್ತು."

"ಈ ರೋಡಲ್ಲಿ ಎಲ್ಲಾ ಬೆಳ್ಳಗೇ ಇರ್ತವೆ ಅಮ್ಮಾ. ಮುಂದೆ ಏನು ಹೆಸರು ಬರ್ದಿತ್ತು?"

ಅವಳು ನೋಡಿರಲಿಲ್ಲ.

"ಮಗು ಯಾರ ಹತ್ರ ಇದೆ?"

"ಒಬ್ಬ ಎಣ್ಮಗ್ಳು. ಕಿಟಕೀಲಿ ಕುಂತಿದ್ಲು."

"ಹೆಂಗಿದ್ಲು? ಸೀರೆನಾ, ಚೂಡಿದಾರಾ?"

ಸೊಣ್ಣಮ್ಮ ಕಣ್ಣು ಮುಚ್ಚಿ ನೆನೆಸಿಕೊಂಡಳು. ಚಾಚಿದ ಎರಡು ಕೈ ಕಂಡವು, ಒಂದು ಕೈಯಲ್ಲಿ ಹಸಿರು ಗಾಜಿನ ಬಳೆ. ಮುಖ ಬರಲಿಲ್ಲ. ತನ್ನ ಮನೆಯ ಕೂಸನ್ನು ಯಾರಿಗೆ ಕೊಟ್ಟಳೋ ಅವರ ಮುಖವೇ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿಯ ತನಕ ಬಸ್ಸು ಹೋಯಿತಲ್ಲಾ ಅಂತ ಮಾತ್ರ ಹೆದರಿದ್ದಳು.

"ಮನೆಯೋರಿಗೆ ಫೋನ್ ಮಾಡಿ ಮೊದ್ಲು."

"ಫೋನು ಚೀಲದಾಗೈತೆ. ಚೀಲ ಬಸ್ಸಾಗೈತೆ."

"ತಗೊಳ್ಳಿ, ನನ್ ಫೋನು. ನಂಬರ್ ಹೇಳಿ."

"ನಂಬ್ರು ಗೊತ್ತಿಲ್ಲ ಕಣಪ್ಪ. ರಾಣಿ ಫೋಟೋ ಒತ್ತಿದ್ರೆ ರಾಣಿಗೆ ಓಯ್ತದೆ, ನರೇಶನ್ ಫೋಟೋ ಒತ್ತಿದ್ರೆ ನರೇಶಂಗೆ ಓಯ್ತದೆ."

"ಸರಿ, ನಿಮ್ಮ ನಂಬರಾದ್ರೂ ಹೇಳಿ. ಆಕೆ ಎತ್ತಬೋದು."

"ನಂಗೆ ನಾನ್ಯಾಕಪ್ಪ ಫೋನ್ ಮಾಡ್ಕೊತೀನಿ?"

ಆಟೋದವನು ಹಣೆ ಚಚ್ಚಿಕೊಂಡ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರೋ ಏನೋ. ಅವನು ಗಾಡಿಯನ್ನು ಲಾರಿಗಳ ಎಡಕ್ಕೆ ನುಗ್ಗಿಸಿದ. ಲೇಔಟುಗಳ ಬೋರ್ಡು, ಪಿ.ಜಿ.ಗಳು, ಟೈಲ್ಸ್ ಅಂಗಡಿಗಳು ಹಿಂದಕ್ಕೆ ಹೋದವು. ಮುಂದಿನ ಸ್ಟಾಪು ಬಂತು. ಬಸ್ಸಿರಲಿಲ್ಲ. "ಇಲ್ಲಿಂದ ಬಿಟ್ಟಿದೆ, ಹಿಡೀತೀನಿ," ಎಂದು ಅವನು ನಿಲ್ಲಿಸಲೇ ಇಲ್ಲ. ಸೊಣ್ಣಮ್ಮ ಮುಂದಿನ ಸರಳನ್ನು ಎರಡೂ ಕೈಯಿಂದ ಹಿಡಿದು, ಹಿಂದಿನಿಂದ ಕಾಣುವ ಒಂದೊಂದು ಬಸ್ಸನ್ನೂ ತನ್ನದೇ ಅಂದುಕೊಂಡು ಕುತ್ತಿಗೆ ಚಾಚಿದಳು.

ಮರಸೂರು ಗೇಟಿನ ಹತ್ತಿರ ಜಲ್ಲಿ ಲಾರಿಯೊಂದು ರಿವರ್ಸ್ ತೆಗೆಯುತ್ತಾ ರಸ್ತೆ ಕಟ್ಟಿಹಾಕಿತ್ತು. ಸಾಲಿನಲ್ಲಿ ನಾಲ್ಕನೆಯದಾಗಿ ನಿಂತಿತ್ತು ಆ ಬಸ್ಸು. ಒಳಗಿನ ಹಾಡು ಕೇಳಿಸಿದಾಗಲೇ ಸೊಣ್ಣಮ್ಮನಿಗೆ ಗುರುತು ಹತ್ತಿದ್ದು. ಆಟೋ ಪೂರಾ ನಿಲ್ಲುವ ಮೊದಲೇ ಇಳಿದಳು, ಬಾಗಿಲಿಗೆ ಗುದ್ದಿದಳು. ಡ್ರೈವರ್ ಬೈಯುತ್ತಲೇ ತೆರೆದ. ಜನರನ್ನು ಸೀಳಿಕೊಂಡು ಆ ಸೀಟಿಗೆ ಹೋದರೆ ಕಿಟಕಿಯ ಪಕ್ಕ ಟಿಫಿನ್ ಕ್ಯಾರಿಯರ್ ಅಪ್ಪಿಕೊಂಡು ಒಬ್ಬ ದಪ್ಪನೆಯ ಮನುಷ್ಯ ತೂಕಡಿಸುತ್ತಿದ್ದ.

"ಕೂಸೆಲ್ಲಿ? ಇಲ್ಲಿದ್ದ ಕೂಸೆಲ್ಲಿ?"

ಕಂಡಕ್ಟರ್ ಹಿಂದಿನಿಂದ ಓಡಿಬಂದ. "ಅಜ್ಜೀ, ನೀವಾ? ಎಲ್ಲೋದ್ರಿ ನೀವು? ಆಕೆ ಕೂಗ್ದಾಗ ನೀವು ಹಿಂದಿನ ಬಾಗಿಲಲ್ಲಿ ಹತ್ತಿರ್ತೀರಿ ಅಂತ ಬಸ್ಸೆಲ್ಲ ಹುಡುಕಿಸ್ದೆ. ಅಷ್ಟೊತ್ತಿಗೆ ಸ್ಟಾಪ್ ಬಂತು. ಆಕೆ ಮಗು ಎತ್ಕೊಂಡು ಇಳಿದೇಬಿಟ್ರು."

"ಇಳಿದ್ಲಾ? ಎಲ್ಲಿ ಇಳಿದ್ಲು?"

"ಹಿಂದಿನ ಸ್ಟಾಪಲ್ಲಿ. ಪೊಲೀಸಿಗೆ ಕೊಡೋಣ ಇರಮ್ಮಾ ಅಂದೆ, ಕೇಳಲಿಲ್ಲ."

ಆ ಮಾತಿಗೆ ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ ಬಾಯಿಬಿಟ್ಟರು. "ಗುರುತಿಲ್ದೋರ ಕೈಗೆ ಮಗು ಕೊಡ್ತಾರೇನ್ರೀ?" ಅಂದಳು ಒಬ್ಬಳು. "ವಯಸ್ಸಾದ್ಮೇಲೆ ಮನೇಲಿರಬೇಕು," ಅಂದ ತೂಕಡಿಕೆ ಬಿಟ್ಟ ಟಿಫಿನ್ನಿನವನು. "ಕಾಲ ಕೆಟ್ಟಿದೆ ಕಣಮ್ಮ, ಮೊನ್ನೆ ತಾನೇ ಮೊಬೈಲಲ್ಲಿ ಬಂದಿತ್ತು…" ಎಂದು ಇನ್ನೊಬ್ಬಳು ಶುರುಮಾಡಿದಳು. ಮೊಬೈಲಿನಲ್ಲಿ ಏನು ಬಂದಿತ್ತೆಂದು ಕೇಳಿಸಿಕೊಳ್ಳಲು ಸೊಣ್ಣಮ್ಮ ನಿಲ್ಲಲಿಲ್ಲ. ಹೂವಿನ ವ್ಯಾಪಾರದಲ್ಲಿ ಒಂದು ಮೊಳಕ್ಕೆ ಹತ್ತು ಮಾತಾಡಿದ ಬಾಯಿ ಅದು. ಆವತ್ತು ಅದರಿಂದ ಬಂದದ್ದು "ಇಂದಕ್ಕೆ ತಿರುಗ್ಸಪ್ಪ" ಎಂಬ ಒಂದೇ ಮಾತು, ಅದೂ ಆಟೋದವನಿಗೆ.

ಹಿಂದಿನ ಸ್ಟಾಪಿಗೆ ವಾಪಸ್ ಬಂದರು. ಅಲ್ಲಿ ಯಾರೂ ಇರಲಿಲ್ಲ. ಎಳನೀರು ಕೊಚ್ಚುತ್ತಿದ್ದವನೊಬ್ಬನಿದ್ದ.

"ಬಂದಿದ್ರು, ಮಗು ಎತ್ಕೊಂಡು. ಮಗು ಕಿರುಚಿಕೊಳ್ತಿತ್ತು. ಫೋನಲ್ಲಿ ಏನೋ ಮಾತಾಡಿದ್ರು. ಆಮೇಲೆ ರೋಡ್ ದಾಟಿ ಚಂದಾಪುರದ ಕಡೆ ಬಸ್ ಹತ್ತಿದ್ರು."

"ಚಂದಾಪುರಕ್ಕಾ?"

"ಆ ಕಡೆ ಬಸ್ಸಮ್ಮಾ. ಎಲ್ಲಿಗೆ ಅಂತ ನಾನು ಕೇಳ್ತೀನಾ?"

ಚಂದಾಪುರ ಅಂದರೆ ಹೊಸೂರು ರಸ್ತೆ. ಅಲ್ಲಿ ನಿಂತರೆ ಎಡಕ್ಕೆ ಪೂರಾ ಬೆಂಗಳೂರು, ಬಲಕ್ಕೆ ಗಡಿ ದಾಟಿ ತಮಿಳುನಾಡು. ಅಲ್ಲಿಂದ ಒಂದು ಹೆಣ್ಣು ಒಂದು ಕೂಸನ್ನು ಎತ್ತಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಆಟೋದವನ ಮುಖ ಸಣ್ಣಗಾಯಿತು. ಇಷ್ಟು ಹೊತ್ತು ಬಾಯಿ ಮಾಡುತ್ತಿದ್ದವನು ಈಗ ಮೆತ್ತಗೆ ಕೇಳಿದ. "ಸ್ಟೇಷನ್ನಿಗೆ ಹೋಗಿಬಿಡೋಣ್ವಾ ಅಮ್ಮಾ?"

ಸೊಣ್ಣಮ್ಮನಿಗೆ ಸ್ಟೇಷನ್ನು ಕಾಣಲಿಲ್ಲ, ರಾಣಿ ಕಂಡಳು. ತಲೆಗೆ ಟೋಪಿ ಹಾಕಿಕೊಂಡು, ಸಾಮಾನು ಸಾಗುವ ಬೆಲ್ಟಿನ ಮುಂದೆ ನಿಂತು, ಇನ್ನೂ ಏನೂ ಗೊತ್ತಿಲ್ಲದೆ, ಕೈ ಕೆಲಸ ಮಾಡುತ್ತಿರುವ ರಾಣಿ. ಹೆರಿಗೆಯಾಗಿ ಕೆಲಸಕ್ಕೆ ವಾಪಸ್ ಹೋದ ಮೊದಲ ದಿನ ಅವಳು ಬಾಗಿಲಲ್ಲಿ ನಿಂತು, "ನೀವಿದ್ದೀರಿ ಅಂತಲೇ ಹೋಗ್ತಿರೋದು ಅತ್ತೆ," ಅಂದಿದ್ದಳು. ಅವಳ ಮುಂದೆ ಬರಿಗೈಯಲ್ಲಿ ಹೋಗಿ ನಿಲ್ಲುವುದು ಹೇಗೆ? ಏನಂತ ಹೇಳುವುದು?

"ಮೊದ್ಲು ಕೋಡಿ ಸ್ಟಾಪಿಗೆ ಓಗಾನ," ಅಂದಳು. "ನಾನ್ ಕೊಟ್ಟಿದ್ದು ಅಲ್ಲಿ."

ಆ ದಾರಿ ಎಂದೂ ಅಷ್ಟು ಉದ್ದವಾಗಿರಲಿಲ್ಲ. ದಾರಿಯಲ್ಲಿ ಸಿಕ್ಕ ಪ್ರತಿ ಬಸ್ಸಿನ ಕಿಟಕಿಗಳನ್ನೂ ಅವಳು ನೋಡಿದಳು. ಎಲ್ಲಕ್ಕೂ ಗಾಜು, ಗಾಜಿನ ಮೇಲೆ ಬಿಸಿಲು. ಒಳಗೆ ಯಾರಿದ್ದಾರೋ ಕಾಣುವುದಿಲ್ಲ. ಚೌಡೇಶ್ವರಿಯಲ್ಲಾದರೆ ಹೊಲದಲ್ಲಿ ಕಳೆ ಕೀಳುವವರಿಗೂ ಬಸ್ಸಿನಲ್ಲಿ ಯಾರು ಹೋದರು, ಯಾರ ಪಕ್ಕ ಕೂತಿದ್ದರು, ಯಾರ ಕೂಸು ಯಾರ ತೊಡೆಯ ಮೇಲಿತ್ತು ಅನ್ನುವುದೆಲ್ಲ ಗೊತ್ತಾಗುತ್ತಿತ್ತು. ಅದಕ್ಕೆ ತಾನೇ ಧೈರ್ಯ ಇದ್ದದ್ದು. ಪಾಪಯ್ಯನೊಬ್ಬ, ಕೃಷ್ಣಪ್ಪನೊಬ್ಬ ಅಲ್ಲ, ಇಡೀ ದಾರಿಯೇ ಕಣ್ಣಾಗಿತ್ತು. ಈಗ ಈ ದಾರಿಯಲ್ಲಿ ಅವಳ ಗುರುತಿನವರು ಯಾರಿದ್ದಾರೆ? ಆಟೋದವನ ಹೆಸರೂ ಗೊತ್ತಿಲ್ಲ.

ಬೇವಿನ ಮರ ಕಂಡಿತು. ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಒಬ್ಬಳು ಕೂತಿದ್ದಳು. ಹಸಿರು ಗಾಜಿನ ಬಳೆ. ತೊಡೆಯ ಮೇಲೆ ಇಂಚರ, ಅತ್ತು ಅತ್ತು ಮೂಗು ಕೆಂಪಾಗಿ, ಬಾಟಲಿಯ ನಿಪ್ಪಲ್ಲನ್ನು ಸುಮ್ಮನೆ ಕಚ್ಚಿಕೊಂಡು.

ಸೊಣ್ಣಮ್ಮ ಇಳಿದು ಬೆಂಚಿನ ಹತ್ತಿರ ಹೋದಳು. ಎರಡೂ ಕೈ ಚಾಚಿದಳು. "ಬಾರವ್ವಾ, ಬಾ ನನ್ ಬಂಗಾರಿ…"

ಇಂಚರಳೂ ಕೈ ಚಾಚಿದಳು. ಆದರೆ ಆ ಹೆಂಗಸು ಮಗುವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡು ಎದ್ದು ನಿಂತಳು.

"ಅಜ್ಜೀ, ಸ್ವಲ್ಪ ಇರಿ."

"ನಾನೇ ಕಣವ್ವ ಕೊಟ್ಟಿದ್ದು. ನೀನೇ ತಾನೆ ಈಸ್ಕೊಂಡಿದ್ದು?"

"ಗೊತ್ತು ಅಜ್ಜೀ, ನಿಮ್ಮ ಮುಖ ನಂಗೆ ನೆನಪಿದೆ. ಅದಕ್ಕೇ ಬಸ್ ಹತ್ತಿ ವಾಪಸ್ ಬಂದೆ, ನೀವಿಲ್ಲೇ ಇರ್ತೀರಿ ಅಂತ. ಆದ್ರೆ…" ಅವಳು ತುಟಿ ಕಚ್ಚಿದಳು. "ನಾನು ಇಳಿದ ಕೂಡ್ಲೇ ನಿಮ್ಮ ಚೀಲದಲ್ಲಿ ಫೋನ್ ಬಂತು. ಎತ್ತಿದೆ. ವಿಡಿಯೋ ಕಾಲು. ಇದರ ತಾಯಿ. ಆಕೆ ಒಂದೇ ಮಾತು ಹೇಳಿದ್ರು. ನಾನು ಬರೋ ತನಕ ಮಗೂನ ಯಾರಿಗೂ ಕೊಡಬೇಡಿ ಅಂತ."

"ಯಾರಿಗೂ ಅಂದ್ರೆ ಬೇರೇರ್ಗೆ ಕಣವ್ವ. ನಾನು ಅಜ್ಜಿ."

"ಅದನ್ನೂ ಕೇಳಿದೆ ಅಜ್ಜೀ. ಇದರ ಅಜ್ಜಿ ಬಂದ್ರೆ ಅಂತ ಕೇಳಿದೆ." ಅವಳ ದನಿ ಇಳಿಯಿತು. "ಅವರಿಗೂ ಕೊಡಬೇಡಿ ಅಂದ್ರು."

ರಸ್ತೆಯ ಮೇಲೆ ಸಿಮೆಂಟಿನ ಲಾರಿಯೊಂದು ಹೋಯಿತು. ಅದು ಹೋಗಿ ಧೂಳು ಕೂರುವ ತನಕ ಸೊಣ್ಣಮ್ಮ ಚಾಚಿದ ಕೈ ಹಾಗೆಯೇ ಇತ್ತು. ಆಮೇಲೆ ಕೈಗಳನ್ನು ಕೆಳಗಿಳಿಸಿ, ಬೆಂಚಿನ ಈ ತುದಿಯಲ್ಲಿ ಕೂತಳು.

ಇಂಚರಳಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಅಜ್ಜಿ ಎದುರಿಗೇ ಇದ್ದಾಳೆ, ಎತ್ತಿಕೊಳ್ಳುತ್ತಿಲ್ಲ. ಮೊದಲು ಕರೆದಳು, ಆಮೇಲೆ ಹಟ ಮಾಡಿದಳು, ಕೊನೆಗೆ ಮೈ ಬಿಲ್ಲಿನಂತೆ ಬಗ್ಗಿಸಿ ಅಳತೊಡಗಿದಳು. ಆ ಹೆಂಗಸು ನಿಂತು ತೂಗಿದಳು, ಬಸ್ಸು ತೋರಿಸಿದಳು, ನಾಯಿ ತೋರಿಸಿದಳು. ಆಗಲಿಲ್ಲ. ಅವಳ ಕಣ್ಣಿಗೂ ನೀರು ಬಂತು.

"ತಗೊಳ್ಳಿ ಅಜ್ಜೀ," ಅಂದಳು ಕೊನೆಗೆ. "ಅವರು ಬರೋವಾಗ ವಾಪಸ್ ಕೊಡಿ. ನಾನು ಹೇಳಲ್ಲ."

ಸೊಣ್ಣಮ್ಮನ ಕೈ ಎದ್ದವು. ಅವಳು ಅವನ್ನು ತೊಡೆಯ ಕೆಳಗೆ ಹಾಕಿ ಅದುಮಿ ಕೂತಳು.

"ಬ್ಯಾಡ ಕಣವ್ವ. ಎತ್ತ ತಾಯಿ ಬ್ಯಾಡ ಅಂದವ್ಳೆ. ಅವ್ಳು ಅಂದಂಗೇ ಆಗ್ಲಿ." ಮಗುವಿನ ಕಡೆ ಕತ್ತು ಚಾಚಿ, "ಬೆನ್ನಿಗೆ ಸಣ್ಣಗೆ ತಟ್ಟು. ಅಂಗಲ್ಲ, ಇನ್ನೂ ಕೆಳಕ್ಕೆ. ಆಂ, ಅಲ್ಲೇ," ಅಂದಳು.

ಹೀಗೆ ಅವಳು ಮೊಮ್ಮಗಳನ್ನು ಇನ್ನೊಬ್ಬಳ ಕೈಯಿಂದ ಸಮಾಧಾನ ಮಾಡಿಸಿದಳು. ಹಾಲು ಬೆಚ್ಚಗಿದೆಯೇ ನೋಡು, ಎಡಗಡೆ ತಿರುಗಿಸಿ ಮಲಗಿಸು, ಕಿವಿಯ ಹಿಂದೆ ಸವರು. ಆ ಹೆಂಗಸಿನ ಹೆಸರು ವನಜಾ, ಆನೇಕಲ್ ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ, ಈಗ ಹೋದರೆ ಮಧ್ಯಾಹ್ನದ ತನಕ ಗೇಟಿನೊಳಗೆ ಬಿಡುವುದಿಲ್ಲ ಅನ್ನುವುದೆಲ್ಲ ಆಗ ತಿಳಿದದ್ದು. ಆಟೋದವನು ಮೀಟರ್ ಆರಿಸಿ, ಹೋಗಿ ಮೂರು ಟೀ ತಂದ. ಸೊಣ್ಣಮ್ಮ ಲೋಟ ಕೆಳಗಿಟ್ಟಳು, ಕುಡಿಯಲಿಲ್ಲ.

"ಒಂದು ಕೇಳ್ಲಾ ಅಜ್ಜೀ?" ಅಂದಳು ವನಜಾ. "ಅಷ್ಟು ಜನ ಇದ್ದರಲ್ಲ, ನಂಗ್ಯಾಕೆ ಕೊಟ್ರಿ?"

"ನೀನು ಕಿಟಕೀಲಿದ್ದೆ."

"ಅಷ್ಟೇನಾ?"

"ಅಷ್ಟೇ ಕಣವ್ವ. ಆಗೆಲ್ಲ ಅಷ್ಟಿದ್ರೆ ಸಾಕಾಗಿತ್ತು."

ವನಜಾ ಅವಳ ಮುಖ ನೋಡಿದಳು. ಮಗು ಬಿಕ್ಕುತ್ತಲೇ ನಿದ್ದೆ ಹೋಯಿತು.

ರಾಣಿ ಬಂದದ್ದು ಜೊತೆಯ ಕೆಲಸದವಳ ಸ್ಕೂಟರಿನ ಹಿಂದೆ. ನೀಲಿ ಕೋಟು ಬಿಚ್ಚಿರಲಿಲ್ಲ, ಕೊರಳಲ್ಲಿ ಐಡಿ ಕಾರ್ಡು ತಿರುಗಿಕೊಂಡಿತ್ತು. ಯಾರನ್ನೂ ನೋಡದೆ ಬಂದು ವನಜಾಳ ತೊಡೆಯಿಂದ ಮಗಳನ್ನು ಎತ್ತಿಕೊಂಡಳು. ತಲೆ, ಬೆರಳು, ಪಾದ, ಒಂದೊಂದನ್ನೂ ಮುಟ್ಟಿ ನೋಡಿದಳು. ಇಂಚರ ಎಚ್ಚರಾಗಿ ತಾಯಿಯನ್ನು ಕಂಡು ಹೊಸದಾಗಿ ಅಳಲು ಶುರುಮಾಡಿದಳು. ಆಮೇಲೆ ರಾಣಿ ಅತ್ತೆಯ ಕಡೆ ತಿರುಗಿದಳು.

"ಆಟೋಗೆ ದುಡ್ಡು ಕೊಟ್ಟಿರ್ಲಿಲ್ವಾ ನಾನು?"

"ಕೊಟ್ಟಿದ್ದೆ."

"ಬಸ್ಸು ಬೇಡ ಅಂದಿರ್ಲಿಲ್ವಾ?"

"ಅಂದಿದ್ದೆ ಕಣಮ್ಮ."

"ಟೀ ಬ್ರೇಕಲ್ಲಿ ಮಗು ಮುಖ ನೋಡೋಣ ಅಂತ ಫೋನ್ ಮಾಡಿದ್ರೆ ಯಾರೋ ಎತ್ತುತಾರೆ. ನನ್ ಮಗು ಯಾರದೋ ತೊಡೆ ಮೇಲಿದೆ, ನೀವೆಲ್ಲೂ ಇಲ್ಲ. ಒಂದು ನಿಮಿಷ ನಂಗೆ ಏನೇನು ತಲೆಗೆ ಬಂತು ಗೊತ್ತಾ? ನೀವು ಬಸ್ಸಿನ ಕೆಳಗೆ ಬಿದ್ದಿದ್ದೀರಿ ಅಂತ ಬಂತು. ಆಮೇಲೆ ಇವರು ಹೇಳಿದ್ರು, ಕಿಟಕೀಲಿ ಕೊಟ್ರು ಅಂತ. ಕಿಟಕೀಲಿ ಕೊಡಕ್ಕೆ ನನ್ ಮಗು ಏನು ಹೂವಿನ ಬುಟ್ಟಿನಾ ಅತ್ತೆ?"

ನಿನ್ನ ಗಂಡನನ್ನೂ ಹೀಗೇ ಕೊಟ್ಟೇ ಬೆಳೆಸಿದ್ದು ಎಂದು ಸೊಣ್ಣಮ್ಮ ಅನ್ನಬಹುದಿತ್ತು. ಕೃಷ್ಣಪ್ಪನ ಸೀಟಿಯ ಕತೆ ಹೇಳಬಹುದಿತ್ತು. ಹೇಳಿ ಏನು? ಕೂಸು ಹೋದದ್ದು ಇವತ್ತಿನ ಬಸ್ಸಿನಲ್ಲಿ.

"ತಪ್ಪಾಯ್ತು," ಅಂದಳು. "ಕೈಗೆ ಅಭ್ಯಾಸ ಆಗೋಗಿತ್ತು. ತಪ್ಪೇ ಅದು."

ರಾಣಿ ಇನ್ನೂ ಏನೋ ಅನ್ನಲು ಬಾಯಿ ತೆರೆದಳು. ವನಜಾ ನಡುವೆ ಬಂದಳು.

"ಅಕ್ಕಾ, ಬಯ್ಯೋದು ನಿಮ್ಮಿಷ್ಟ. ನಾನು ಹೊರಗಿನೋಳು. ಆದ್ರೆ ಒಂದು ಹೇಳ್ತೀನಿ. ಮಗು ಇವರನ್ನ ನೋಡಿ ಉಸಿರು ಕಟ್ಟೋ ಹಂಗೆ ಅಳ್ತಿತ್ತು. ನನ್ ಕೈಲಿ ನೋಡಕ್ಕಾಗ್ದೆ ನಾನೇ ಎತ್ಕೊಳ್ಳಿ ಅಂದೆ. ಮುಟ್ಟಲಿಲ್ಲ. ನೀವು ಬೇಡ ಅಂದಿದ್ರಿ ಅಂತ ಕೈ ತೊಡೆ ಕೆಳಗೆ ಹಾಕ್ಕೊಂಡು ಕೂತಿದ್ರು."

ರಾಣಿ ಅತ್ತೆಯ ಕೈಗಳನ್ನು ನೋಡಿದಳು. ಕಲ್ಲುಬೆಂಚಿನ ತರಿ ಬೆರಳಗಂಟುಗಳ ಮೇಲೆ ಕೆಂಪಗೆ ಅಚ್ಚಾಗಿತ್ತು. ತಿರುಗಿ ವನಜಾಳ ನಂಬರ್ ತಗೊಂಡಳು, ಅವಳ ಕೈ ಹಿಡಿದುಕೊಂಡು ನಿಂತಳು. "ಹಾಫ್ ಡೇ ಹೋಯ್ತು ಅಷ್ಟೇ ಬಿಡಿ ಅಕ್ಕಾ, ಮಗು ಸಿಕ್ತಲ್ಲ," ಎಂದು ವನಜಾ ಬಂದ ಬಸ್ಸನ್ನು ಹತ್ತಿ ಹೋದಳು. ಸ್ಕೂಟರಿನವಳೂ ಹೊರಟಳು. ರಾಣಿ ಲೈನ್ ಲೀಡರಿಗೆ ಫೋನ್ ಮಾಡಿ, ಇವತ್ತು ವಾಪಸ್ ಬರಲ್ಲ ಸಾರ್, ಬೇಕಾದರೆ ಸಂಬಳ ಹಿಡ್ಕೊಳ್ಳಿ ಅಂದಳು. ಆಮೇಲೆ ಆಟೋ ಹತ್ತಿ ಒಳಕ್ಕೆ ಸರಿದು ಕೂತಳು.

ಸೊಣ್ಣಮ್ಮ ಹೊರಗೇ ನಿಂತಿದ್ದಳು.

"ಹತ್ತಿ ಅತ್ತೆ. ನಾಮಕರಣಕ್ಕೆ ಹೋಗೋದು ಬೇಡ್ವಾ?"

ಆಟೋ ಹೊರಟಿತು. ಮರಸೂರು ಗೇಟು ದಾಟಿತು. ಆಟೋದವನು ಹಾಡು ಹಾಕಲಿಲ್ಲ. ರಾಣಿ ಮಗಳನ್ನು ಎದೆಗೆ ಒತ್ತಿಕೊಂಡು ರಸ್ತೆ ನೋಡುತ್ತಿದ್ದಳು. ಸೊಣ್ಣಮ್ಮನಿಗೆ ಗೊತ್ತಿತ್ತು, ಸೊಸೆಯ ಮಾತು ಈಗ ಬರುತ್ತದೆ. ಬರಲಿ ಎಂದೇ ಕೂತಿದ್ದಳು.

"ಸೋಮವಾರದಿಂದ ಇವಳನ್ನ ಪ್ಲೇ ಹೋಮಿಗೆ ಹಾಕ್ತೀನಿ."

"ಆಕಮ್ಮ."

"ನೀವು ಬೇಜಾರು ಮಾಡ್ಕೊಂಡ್ರೂ ಹಾಕ್ತೀನಿ."

"ಇಲ್ಲ ಕಣಮ್ಮ. ಆಕು."

ಹೇಳಿದ ಮೇಲೆ ಸೊಣ್ಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಸೋಮವಾರದಿಂದ ಮನೆಯಲ್ಲಿ ಕೂಸಿಲ್ಲದ ಹೊತ್ತು ಹೇಗಿರುತ್ತದೆ ಎಂದು ನೆನೆಯಲು ಹೋಗಿ ಬಿಟ್ಟಳು. ರಾಣಿ ಉಸಿರು ಬಿಟ್ಟಳು. ಸ್ವಲ್ಪ ದೂರ ಹೋದ ಮೇಲೆ, ರಸ್ತೆಯನ್ನೇ ನೋಡುತ್ತಾ, ಮನೆಗೆ ಸಾಮಾನು ಹೇಳುವ ದನಿಯಲ್ಲಿ ಹೇಳಿದಳು.

"ಬೆಳಗ್ಗೆ ಬಿಡೋದು, ಮಧ್ಯಾಹ್ನ ಕರ್ಕೊಂಡು ಬರೋದು ನೀವೇ. ನಂಗೆ ಬೇರೆ ಯಾರಿದ್ದಾರೆ? ಮನೆ ಹತ್ರದಲ್ಲೇ ನೋಡ್ತೀನಿ. ಆದ್ರೆ ನಡ್ಕೊಂಡು ಅತ್ತೆ. ಬಸ್ಸೂ ಬೇಡ, ಆಟೋನೂ ಬೇಡ. ಮೊಣಕಾಲು ನೋವಾದ್ರೆ ಕೂತು ಕೂತು ಬನ್ನಿ."

"ನಡ್ಕೊಂಡೇ ಬತ್ತೀನಿ."

"ಮತ್ತೆ ನನ್ ನಂಬರ್ ಬಾಯಿಪಾಠ ಮಾಡ್ಬೇಕು. ಇವತ್ತು ರಾತ್ರಿಯಿಂದಲೇ."

"ಆಯ್ತು," ಅಂದಳು ಸೊಣ್ಣಮ್ಮ.

"ಅಜ್ಜೀಗೆ ಅವರದೇ ನಂಬರೂ ಹೇಳ್ಕೊಡಿ ಮೇಡಂ," ಅಂದ ಆಟೋದವನು, ತಡೆಯಲಾರದೆ. ರಾಣಿ ಅವನನ್ನು ದುರುಗುಟ್ಟಿ ನೋಡಿದಳು. ಅವನು ಗಾಡಿಯ ಕಡೆ ಗಮನ ಕೊಟ್ಟ.

ಇಂಚರ ತಾಯಿಯ ತೋಳಿನಿಂದ ಈ ಕಡೆಗೆ ಬಾಗಿದಳು. ರಾಣಿ ಹಿಂದಕ್ಕೆಳೆದುಕೊಂಡಳು. ಮತ್ತೆ ಬಾಗಿದಳು. ಮೂರನೆಯ ಸಲ ರಾಣಿ ಎಳೆಯಲಿಲ್ಲ. ಮಗು ತೆವಳಿಕೊಂಡು ಬಂದು ಅಜ್ಜಿಯ ಮಡಿಲಿನಲ್ಲಿ ಕೂತು, ಅವಳ ಸೆರಗನ್ನು ಬಾಯಿಗೆ ಹಾಕಿಕೊಂಡಿತು. ಸೊಣ್ಣಮ್ಮ ಎರಡೂ ಕೈಯಿಂದ ಅದನ್ನು ಬಳಸಿ ಹಿಡಿದಳು. ಮಗುವಿನ ಒಂದು ಪಾದ ಮಾತ್ರ ರಾಣಿಯ ಮುಷ್ಟಿಯಲ್ಲಿಯೇ ಇತ್ತು. ಆನೇಕಲ್ ಬಂದು ಆಟೋ ನಿಂತರೂ ಅವಳು ಅದನ್ನು ಬಿಡಲಿಲ್ಲ.